ಉಪ್ಪಿಗೆ ಮೊದಲಿನ ಪಾಲು

ಆ ಮನೆಯ ಅಡುಗೆಮನೆಯಲ್ಲಿ ಒಂದೇ ಒಂದು ಕಾನೂನು. ಒಲೆಯ ಮೇಲೆ ಏನೇ ಬೇಯಲಿ, ಉಪ್ಪು ಖಾರ ಬೀಳುವ ಮೊದಲು ಮಗುವಿನ ಪಾಲು ಪಕ್ಕಕ್ಕೆ ಬಂದಿರಬೇಕು. ಕಾನೂನು ಮಾಡಿದವಳು ಸೌಟಮ್ಮ. ಹಾಗಂತ ಅವಳಿಗೆ ಹೆಸರಿಟ್ಟವರು ಆಸ್ಪತ್ರೆಯ ನರ್ಸುಗಳು. ಇಪ್ಪತ್ತೊಂಬತ್ತು ವರ್ಷ ದೊಡ್ಡಾಸ್ಪತ್ರೆಯಲ್ಲಿ ರೋಗಿಗಳಿಗೆ ಪಥ್ಯದ ಅಡುಗೆ ಮಾಡಿ ನಿವೃತ್ತಳಾದವಳು ಅವಳು. ಒಂದೇ ಪಾತ್ರೆಯಿಂದ ಹಲ್ಲಿಲ್ಲದವರಿಗೊಂದು, ಸಕ್ಕರೆ ಕಾಯಿಲೆಯವರಿಗೊಂದು, ರಕ್ತದೊತ್ತಡದವರಿಗೊಂದು ಎಂದು ನಾಲ್ಕೈದು ಥರದ ಊಟ ತೆಗೆಯುವುದು ಅವಳಿಗೆ ಕೂದಲು ಬಾಚಿಕೊಂಡಷ್ಟೇ ಸಲೀಸು.

"ತೆಗೆದಿಡೋದು ಮೊದಲು, ಹಾಕೋದು ಆಮೇಲೆ. ಒಂದ್ಸಲ ಹಾಕಿದ್ದನ್ನ ವಾಪಸ್ ತೆಗೆಯೋಕೆ ಯಾರ ಕೈಲೂ ಆಗಲ್ಲ," ಎಂದು ಅವಳು ಸೊಸೆಗೆ ಮೊದಲ ದಿನವೇ ಹೇಳಿಟ್ಟಿದ್ದಳು.

ಮೊಮ್ಮಗಳಿಗೆ ಒಂದೂವರೆ ವರ್ಷ. ಹುಟ್ಟಿದಾಗ ಅಂಗೈಯಲ್ಲಿ ಹಿಡಿಸುವಷ್ಟಿದ್ದಳೆಂದು ಮನೆಯವರೆಲ್ಲ ಅವಳನ್ನು ಬಟಾಣಿ ಅಂತಲೇ ಕರೆಯುತ್ತಿದ್ದರು. ಬಟಾಣಿಗೆಂದು ಬೇರೆ ಅಡುಗೆ ಆ ಮನೆಯಲ್ಲಿ ಎಂದೂ ಆಗಲಿಲ್ಲ. ದೊಡ್ಡವರು ತಿನ್ನುವುದನ್ನೇ ಮಗುವೂ ತಿನ್ನಬೇಕು, ಆದರೆ ಮಗುವಿನ ಬಾಯಿಗೆ ತಕ್ಕಂತೆ. ಕೋಳಿ ಮಾಡಿದ ದಿನ ಎದೆಯ ತುಂಡನ್ನು ಎಳೆಯ ಜಾಡಿನಲ್ಲೇ ನೂಲು ನೂಲಾಗಿ ಬಿಡಿಸುವಳು. ಮೀನಾದರೆ ಮುಳ್ಳಿಗಾಗಿ ಬೆರಳ ತುದಿಯಲ್ಲಿ ಮೂರು ಸಲ ತಡವುವಳು, ಕಣ್ಣನ್ನು ನಂಬುತ್ತಿರಲಿಲ್ಲ. ನೂಡಲ್ಸನ್ನು ಬೆರಳ ಗಣ್ಣಿನಷ್ಟು ಉದ್ದಕ್ಕೆ ಕತ್ತರಿಸುವಳು. ಕ್ಯಾರೆಟ್ಟು ಹೆಬ್ಬೆರಳು ತೋರುಬೆರಳ ನಡುವೆ ತಾನಾಗಿ ನುರಿಯಬೇಕು. ಟೊಮ್ಯಾಟೊ ಹುಳಿಯಾಯಿತು ಅನ್ನಿಸಿದರೆ ಅದಕ್ಕೆ ಒಂದು ಚೂರು ಬೆಂದ ಕುಂಬಳಕಾಯಿ ಹಿಸುಕುವಳು. ಅಷ್ಟೆಲ್ಲ ಆದ ಮೇಲೆ ಅದು ನೀಲಿ ಮುಚ್ಚಳದ ಸಣ್ಣ ಸ್ಟೀಲ್ ಡಬ್ಬಿಗೆ ಹೋಗುವುದು. ಉಳಿದದ್ದಕ್ಕೆ ಆಮೇಲೆ ಉಪ್ಪು, ಮೆಣಸಿನ ಪುಡಿ, ಬೆಳ್ಳುಳ್ಳಿ ಒಗ್ಗರಣೆ.

ಚಳಿಗಾಲದಲ್ಲಿ ಸೌಟಮ್ಮನಿಗೆ ಹದಿನೈದು ದಿನ ಕೆಟ್ಟ ಜ್ವರ ಬಂದು ಹೋಯಿತು. ಎದ್ದ ಮೇಲೆ ಅವಳಿಗೊಂದು ಹೊಸ ತಕರಾರು ಶುರುವಾಯಿತು. ಅಂಗಡಿಯ ಉಪ್ಪಿನ ಮೇಲೆ.

"ಈಗಿನ ಉಪ್ಪಿಗೆ ಉಪ್ಪಿನ ಗುಣವೇ ಇಲ್ಲ ಕಣ್ರೀ," ಎಂದು ಒಂದು ದಿನ ಒಡೆದ ಪ್ಯಾಕೆಟ್ಟನ್ನೇ ಹಿಡಿದುಕೊಂಡು ಕಿರಾಣಿಯವನ ಹತ್ತಿರ ಹೋದಳು. "ಸುಣ್ಣದ ಪುಡಿ ಕೊಟ್ಟಿದ್ದೀರೋ ಏನೋ, ನೀವೇ ನಾಲಿಗೆಗೆ ಹಚ್ಚಿ ನೋಡಿ."

ಕಿರಾಣಿಯವನು ಹಚ್ಚಿ ನೋಡಿದ. ಮುಖ ಕಿವುಚಿತು. ಅವಳ ಮುಖವನ್ನೊಮ್ಮೆ ನೋಡಿ, "ಬದಲಾಯಿಸಿ ಕೊಡ್ತೀನಿ ತಗೊಳ್ಳಿ ಅಮ್ಮ," ಎಂದ.

ಬದಲಾದ ಉಪ್ಪೂ ಅಷ್ಟಕ್ಕಷ್ಟೆ. ಸೌಟಮ್ಮ ಸ್ವಲ್ಪ ಹೆಚ್ಚಾಗಿಯೇ ಹಾಕತೊಡಗಿದಳು, ಅಷ್ಟೆ.

ಸಂಜೆ ಏಳಕ್ಕೆ ಅಡುಗೆ ಮುಗಿಸಿ ಅವಳು ಪಕ್ಕದ ಬೀದಿಯಲ್ಲಿದ್ದ ಅಕ್ಕನ ಮನೆಗೆ ಹೋಗುತ್ತಿದ್ದಳು. ಅಕ್ಕ ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು. ಅಕ್ಕನಿಗೆ ಮೈ ಒರೆಸಿ, ಮಗ್ಗುಲು ಬದಲಿಸಿ, ನಾಲ್ಕು ಮಾತಾಡಿ ಬರುವಷ್ಟರಲ್ಲಿ ಎಂಟೂಕಾಲು. ಅಷ್ಟರೊಳಗೆ ಮನೆಯಲ್ಲಿ ಗಂಡ, ಮಗ, ಸೊಸೆ ಮೂವರೂ ಉಂಡು, ತಟ್ಟೆ ತೊಳೆದಿಟ್ಟು, ಅವಳ ಪಾಲನ್ನು ಮುಚ್ಚಿಟ್ಟಿರುತ್ತಿದ್ದರು. ಅವಳು ಒಬ್ಬಳೇ ಕೂತು ಉಣ್ಣುವಾಗ ಗಂಡ ಎದುರಿಗೆ ಬಂದು ಕೂರುವರು. ಬಸ್ ಸ್ಟ್ಯಾಂಡಿನ ಪಕ್ಕ ಒಂದು ಗೂಡಂಗಡಿಯಲ್ಲಿ ಬೀಗ ರಿಪೇರಿ, ಕೀಲಿ ಕಡಿದು ಕೊಡುವುದು ಅವರ ಕೆಲಸ. ಊರೆಲ್ಲ ಅವರನ್ನು ಬೀಗದವರು ಎನ್ನುತ್ತಿತ್ತು.

"ಹೇಗಿತ್ರೀ ಇವತ್ತು?"

"ಚೆನ್ನಾಗಿತ್ತು ಕಣೆ," ಎನ್ನುವರು ಬೀಗದವರು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅವರು ಅಡುಗೆಯ ವಿಷಯಕ್ಕೆ ಮುಲಾಜು ನೋಡಿದವರೇ ಅಲ್ಲ. ಮದುವೆಯಾದ ಮೂರನೇ ದಿನವೇ, "ಅನ್ನ ಹಿಟ್ಟಾಗಿದೆ," ಎಂದು ಹೊಸ ಹೆಂಡತಿಯನ್ನು ಅಳಿಸಿದ್ದ ಮನುಷ್ಯ. ಅದಕ್ಕೇ ಅವರ ಚೆನ್ನಾಗಿತ್ತು ಎಂಬ ಮಾತಿಗೆ ಸೌಟಮ್ಮ ಬೆಲೆ ಕೊಡುತ್ತಿದ್ದಳು. ಊರವರ ಹೊಗಳಿಕೆ ಬೇರೆ, ಗಂಡನ ಬಾಯಿ ಬೇರೆ.

ಸೊಸೆಗೆ ಕನ್ನಡಕದಂಗಡಿಯಲ್ಲಿ ಕೆಲಸ. ಜ್ವರ ಬಿಟ್ಟು ಮೂರು ವಾರವಾಗಿರಬಹುದು, ಒಂದು ಸಂಜೆ ಅವಳು ಚಪ್ಪಲಿ ಬಿಡುತ್ತಲೇ, "ಅತ್ತೆ, ಬಟಾಣಿಗೆ ಇನ್ನೊಂದು ಸೌಟು ಜಾಸ್ತಿ ತೆಗೆದಿಡಿ. ಸಾಕಾಗ್ತಿಲ್ಲ ಅವಳಿಗೆ," ಎಂದಳು.

ಸೌಟಮ್ಮನಿಗೆ ಕೊಂಬು ಬಂತು. "ಅಯ್ಯೋ, ನನ್ನ ಕಂದ. ಮೊನ್ನೆ ತನಕ ಎರಡು ಚಮಚಕ್ಕೇ ತುಟಿ ಬಿಗಿ ಹಿಡೀತಿದ್ದಳು."

"ಬೆಳೀತಿದ್ದಾಳಲ್ಲ," ಎಂದಳು ಸೊಸೆ, ಬೇಸಿನ್ನಿನ ಕಡೆ ತಿರುಗಿ ಕೈ ತೊಳೆಯುತ್ತ.

ಮುಂದಿನ ವಾರ ಮತ್ತೊಂದು ಸೌಟು. ಅದರ ಮುಂದಿನ ವಾರ ನೀಲಿ ಮುಚ್ಚಳದ ಡಬ್ಬಿ ಸಾಲದೆ ಅಟ್ಟದ ಮೇಲಿದ್ದ ದೊಡ್ಡ ಡಬ್ಬಿ ಇಳಿಯಿತು. ಮಗ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವ ಮೇಷ್ಟ್ರು. ಯಾರು ಎಲ್ಲಿಗೆ ಗುದ್ದಿದರೂ ದನಿ ಎತ್ತದ ಸಾಧು. ಅವನು ಏಣಿ ಹಾಕಿ ಡಬ್ಬಿ ಇಳಿಸಿಕೊಟ್ಟ.

ಹೋದಲ್ಲಿ ಬಂದಲ್ಲಿ ಸೌಟಮ್ಮನಿಗೆ ಅದೇ ಮಾತು. ತರಕಾರಿ ಗಾಡಿಯ ಹತ್ತಿರ ನಿಂತ ತಾಯಂದಿರಿಗೆ, ಏನು ಬೇಯಿಸಿದರೂ ಹೇಗೆ ಮಗುವಿಗೆ ತಿರುಗಿಸಿಕೊಳ್ಳಬೇಕೆಂದು ಪಾಠ ಹೇಳುವಳು. "ಮಗೂಗೆ ಬೇರೆ ಬೇಯಿಸಿ ಸುಸ್ತಾಗ್ತೀರ, ಆಮೇಲೆ ತಿನ್ನಲ್ಲ ಅಂತ ಅಳ್ತೀರ. ನಮ್ಮ ಬಟಾಣಿ ನಾಲ್ಕು ಸೌಟು ತಿಂತಾಳೆ."

ಹಾಸಿಗೆಯಲ್ಲಿದ್ದರೂ ಅಕ್ಕನ ತಲೆ ಚುರುಕಾಗಿಯೇ ಇತ್ತು. "ಏನೇ, ಒಂದೂವರೆ ವರ್ಷದ ಕೂಸು ನಾಲ್ಕು ಸೌಟು ತಿನ್ನುತ್ತೇನೆ? ಅದೇನು ಹೊಟ್ಟೆಯೋ ಕಣಜವೋ?"

"ನಿನಗೆ ಹೊಟ್ಟೆಕಿಚ್ಚು ಬಿಡಕ್ಕ," ಎಂದು ಸೌಟಮ್ಮ ನಕ್ಕು ದಿಂಬು ಸರಿಮಾಡಿದಳು.

ತರಕಾರಿ ಗಾಡಿಯ ಮಾತು ಬೀದಿಯ ಕೊನೆಯ ಶಿಶುವಿಹಾರದವರೆಗೂ ಹೋಯಿತು. ಅದನ್ನು ನಡೆಸುವ ಮೇಡಂ ತಾವೇ ಗಾಡಿಯ ಹತ್ತಿರ ಬಂದು ಮಾತಾಡಿಸಿದರು. ಅವರಲ್ಲಿ ಇಪ್ಪತ್ತೆರಡು ಮಕ್ಕಳು, ಆರು ಜನ ಟೀಚರುಗಳು. ಇದ್ದ ಅಡುಗೆಯವಳು ಮಗಳ ಊರಿಗೆ ಹೊರಟು ನಿಂತಿದ್ದಳು.

"ದೊಡ್ಡೋರಿಗೂ ಮಕ್ಕಳಿಗೂ ಒಂದೇ ಅಡುಗೆಯಲ್ಲಿ ಆಗಬೇಕು. ನೀವು ಹೇಳೋದು ಅದನ್ನೇ ಅಲ್ವಾ? ಸೋಮವಾರ ಬಂದು ಒಂದು ದಿನ ಮಾಡಿ ತೋರಿಸ್ತೀರಾ?"

ಸೌಟಮ್ಮನಿಗೆ ಆ ದಿನ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ನಿವೃತ್ತಿಯಾಗಿ ಮೂರು ವರ್ಷ. ದೊಡ್ಡ ಪಾತ್ರೆಯ ಮುಂದೆ ನಿಂತು, ಹಬೆಗೆ ಮುಖವೊಡ್ಡಿ, ಇಷ್ಟು ಜನರ ಹೊಟ್ಟೆ ತನ್ನ ಕೈಯಲ್ಲಿದೆ ಎಂದುಕೊಳ್ಳುವ ಸುಖ ಏನೆಂಬುದು ಅದನ್ನು ಕಳೆದುಕೊಂಡವರಿಗೇ ಗೊತ್ತು. ಅಂದು ಅಕ್ಕನ ಮನೆಗೆ ಹೋಗುವ ಮೊದಲೇ ಎಲ್ಲರನ್ನೂ ಅಡುಗೆಮನೆಗೆ ಕರೆದು ಸುದ್ದಿ ಹೇಳಿದಳು.

ಸೊಸೆ ಗಂಡನನ್ನು ನೋಡಿದಳು, ಗಂಡ ಅಪ್ಪನನ್ನು ನೋಡಿದ, ಅಪ್ಪ ಕಿಟಕಿಯನ್ನು ನೋಡಿದರು.

"ಈ ವಯಸ್ಸಲ್ಲಿ ಯಾಕತ್ತೆ ಅದೆಲ್ಲ?" ಎಂದಳು ಸೊಸೆ.

"ವಯಸ್ಸಾಗಿರೋದು ಮಂಡಿಗೆ. ಕೈಗಲ್ಲ."

"ಇಪ್ಪತ್ತೆಂಟು ಜನ ಅಮ್ಮ," ಎಂದ ಮಗ.

"ಮುನ್ನೂರು ಜನಕ್ಕೆ ಮಾಡಿದೀನಿ ಕಣೋ. ನಿನಗೆ ಅನ್ನ ಹಾಕಿದ್ದು ಆ ಕೆಲಸವೇ."

"ಬಟಾಣೀನ ಯಾರು ನೋಡ್ಕೋತಾರೆ ಅಂತ..." ಎಂದಳು ಸೊಸೆ.

"ಅವಳನ್ನೂ ಅಲ್ಲಿಗೇ ಕರ್ಕೊಂಡು ಹೋಗ್ತೀನಿ. ಅದು ಶಿಶುವಿಹಾರ, ಗಿರಣಿ ಅಲ್ಲ," ಎಂದು ಸೌಟಮ್ಮ ಗಂಡನ ಕಡೆ ತಿರುಗಿದಳು. "ನೀವೇನಂತೀರಿ?"

"ನಿನಗೆ ಹೇಗೆ ತೋರುತ್ತೋ ಹಾಗೆ," ಎಂದರು ಬೀಗದವರು.

ಸೋಮವಾರಕ್ಕೆಂದು ಅವಳು ಹಳೆಯ ಬಿಳಿ ಏಪ್ರನ್ ಒಗೆದು ಇಸ್ತ್ರಿ ಮಾಡಿಸಿದಳು. ಭಾನುವಾರ ಸಂಜೆ ಶಿಶುವಿಹಾರದ ಆಯಾ ಬಂದು ಬಾಗಿಲಲ್ಲೇ ನಿಂತು, ಬೇರೆಯವರು ಸಿಕ್ಕಿದ್ದಾರೆ, ಮೇಡಂ ಬೇಜಾರು ಮಾಡ್ಕೋಬೇಡಿ ಅಂದ್ರು ಎಂದು ಹೇಳಿ, ಒಂದು ಕ್ಷಣ ತಡೆದು, "ಹುಷಾರಾಗಿರಿ ಅಮ್ಮ," ಎಂದೂ ಸೇರಿಸಿ ಹೊರಟುಹೋದಳು. ಸೌಟಮ್ಮ ಏಪ್ರನ್ನನ್ನು ಮಡಚಿ ಬೀರುವಿನ ತಳಕ್ಕೆ ಸೇರಿಸಿದಳು. ಅಂದಿನ ಅಡುಗೆಗೆ ಮನಸ್ಸು ನಿಲ್ಲದಿದ್ದರೂ ಮಗುವಿನ ಪಾಲಿನಲ್ಲಿ ಒಂದು ಎಳೆಯೂ ದಪ್ಪ ಉಳಿಯಲಿಲ್ಲ.

ಎಂಟು ದಿನ ಕಳೆದು ಬಟಾಣಿಗೆ ಚುಚ್ಚುಮದ್ದು ಹಾಕಿಸುವ ದಿನ ಬಂತು. ಸೊಸೆಗೆ ರಜೆ ಸಿಗದೆ ಸೌಟಮ್ಮನೇ ಕರೆದುಕೊಂಡು ಹೋದಳು. ನರ್ಸು ಮಗುವನ್ನು ತಕ್ಕಡಿಯಲ್ಲಿ ಕೂರಿಸಿ, ಕಾರ್ಡಿನಲ್ಲಿ ಬರೆದು, "ಚೆನ್ನಾಗಿದ್ದಾಳೆ. ಎರಡು ತಿಂಗಳಲ್ಲಿ ಮುನ್ನೂರು ಗ್ರಾಂ ಏರಿದ್ದಾಳೆ. ಊಟ ಮಾಡ್ತಾಳಾ?" ಎಂದಳು.

"ಮಾಡ್ತಾಳೆ ತಾಯಿ. ರಾತ್ರಿ ಹೊತ್ತು ನಾಲ್ಕು ಸೌಟು."

ನರ್ಸು ಪೆನ್ನು ನಿಲ್ಲಿಸಿದಳು. "ಚಮಚ ಅನ್ನಿ."

"ಚಮಚ ಅಲ್ಲ, ಸೌಟು."

"ಅಷ್ಟು ನಾನೇ ತಿನ್ನಲ್ಲ ಅಮ್ಮ," ಎಂದು ನರ್ಸು ನಕ್ಕಳು. "ಇಷ್ಟಗಲ ಹೊಟ್ಟೆಯಲ್ಲಿ ಅದನ್ನ ಎಲ್ಲಿಡ್ತಾಳೆ? ನೀವೇ ಕೂತು ತಿನ್ನಿಸ್ತೀರಾ?"

ಇಲ್ಲ. ಸೌಟಮ್ಮ ಕೂತು ತಿನ್ನಿಸುತ್ತಿರಲಿಲ್ಲ. ಆ ಹೊತ್ತಿಗೆ ಅವಳು ಅಕ್ಕನ ಮನೆಯಲ್ಲಿರುತ್ತಿದ್ದಳು.

ದಾರಿಯುದ್ದಕ್ಕೂ ಅವಳು ಮಗುವಿನ ಹೊಟ್ಟೆಯನ್ನು ಮುಟ್ಟಿ ಮುಟ್ಟಿ ನೋಡಿದಳು. ಸೊಸೆ ಯಾರಿಗಾದರೂ ಕೊಡುತ್ತಿದ್ದಾಳೆಯೇ? ತವರಿಗೆ ಸಾಗಿಸುತ್ತಿದ್ದಾಳೆಯೇ? ಉಪ್ಪಿಲ್ಲದ ಮೆದು ಅಡುಗೆಯನ್ನು ಕಟ್ಟಿಸಿಕೊಂಡು ಹೋಗುವ ತವರಾದರೂ ಯಾವುದು? ಎಷ್ಟು ಯೋಚಿಸಿದರೂ ಲೆಕ್ಕ ತಾಳೆಯಾಗಲಿಲ್ಲ.

ಅಂದು ಕೋಳಿ ಮತ್ತು ಆಲೂಗೆಡ್ಡೆ. ಏಳಕ್ಕೆ ಎಂದಿನಂತೆ ಹೊರಟವಳು ಬೀದಿಯ ತಿರುವಿನಲ್ಲಿ ಹತ್ತು ನಿಮಿಷ ನಿಂತಳು. ನಿಂತು, ಹಿಂತಿರುಗಿದಳು. ಹಿತ್ತಿಲ ಬಾಗಿಲಿಗೆ ಚಿಲಕ ಹಾಕಿರಲಿಲ್ಲ.

ಬಟಾಣಿ ತನ್ನ ಎತ್ತರದ ಕುರ್ಚಿಯಲ್ಲಿ ಕೂತು ಬಟ್ಟಲು ಬಡಿದು ತಾಳ ಹಾಕುತ್ತಿದ್ದಳು. ಅವಳ ಊಟ ಆಗಲೇ ಮುಗಿದಿತ್ತು. ಬಟ್ಟಲಿನ ತಳದಲ್ಲಿ ಎರಡು ಚಮಚದಷ್ಟರ ಗುರುತು. ಮೇಜಿನ ನಡುವೆ ದೊಡ್ಡ ಡಬ್ಬಿ, ನೂಲು ನೂಲಾಗಿ ಬಿಡಿಸಿದ ಕೋಳಿ. ಪಕ್ಕದಲ್ಲಿ ಉಪ್ಪಿನ ಬಟ್ಟಲು, ಮೆಣಸಿನ ಪುಡಿ. ಮಗನೂ ಸೊಸೆಯೂ ಅದನ್ನು ಅನ್ನಕ್ಕೆ ಹಾಕಿಕೊಂಡು, ಚಿಟಿಕೆ ಉಪ್ಪು ಉದುರಿಸಿ ಕಲಸುತ್ತಿದ್ದರು. ಮೂವತ್ತು ದಾಟಿದ ಮಗ, ಕಾರು ಕಲಿಸುವ ಮೇಷ್ಟ್ರು, ಬೆರಳ ಗಣ್ಣಿನಷ್ಟಕ್ಕೆ ಕತ್ತರಿಸಿದ ಆಲೂಗೆಡ್ಡೆ ತಿನ್ನುತ್ತಿದ್ದ.

ಬೀದಿಯಲ್ಲಿ ನಿಂತು ಅವಳು ಅನುಮಾನಪಟ್ಟದ್ದೆಲ್ಲ ಸೊಸೆಯ ಮೇಲೆ. ಸಿಂಕಿನ ಮುಂದೆ ನಿಂತಿದ್ದವರು ಬೀಗದವರು. ದೊಡ್ಡವರ ಪಾತ್ರೆಯಿಂದ ಒಂದು, ಎರಡು, ಮೂರು ಸೌಟು ತೆಗೆದು ಜಾಲರಿಗೆ ಸುರಿದರು. ರಸ ಕೆಳಗಿಳಿಯಿತು. ಜಾಲರಿಯಲ್ಲಿ ಉಳಿದ ತುಂಡುಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿದರು. ಆಮೇಲೆ ನಲ್ಲಿ ತಿರುಗಿಸಿ, ಎಣ್ಣೆಯ ಜಿಡ್ಡು ನಿಲ್ಲದಂತೆ ಸಿಂಕಿನ ಸುತ್ತ ಬೆರಳಾಡಿಸಿದರು. ಅವಸರವಿಲ್ಲ, ಗಲಿಬಿಲಿಯಿಲ್ಲ. ದಿನಾ ಮಾಡಿ ಪಳಗಿದ ಕೈ.

"ಅಜ್ಜಿ," ಎಂದಳು ಬಟಾಣಿ, ಬಾಗಿಲ ಕಡೆ ಬಟ್ಟಲು ತೋರಿಸಿ.

ಮೂವರೂ ತಿರುಗಿದರು. ಬೀಗದವರ ಕೈಯಲ್ಲಿ ಪೇಪರಿನ ಪೊಟ್ಟಣ ಹಾಗೇ ಇತ್ತು.

"ಎಷ್ಟು ದಿನದಿಂದ?" ಎಂದಳು ಸೌಟಮ್ಮ.

ಉತ್ತರ ಕೊಟ್ಟವಳು ಸೊಸೆ. "ಜ್ವರ ಬಂದು ಹೋದ ಮೇಲಿಂದ ಅತ್ತೆ. ಉಪ್ಪು ತುಂಬಾ ಬೀಳ್ತಿತ್ತು. ಖಾರಾನೂ. ಬಾಯಿಗೆ ಇಡೋಕಾಗ್ತಿರಲಿಲ್ಲ."

"ಮತ್ತೆ ನಾನು ಅದನ್ನೇ ಉಣ್ತಿದ್ನಲ್ಲ?"

"ನಿಮಗೆ ಗೊತ್ತಾಗ್ತಿರಲಿಲ್ಲ."

ಸೌಟಮ್ಮ ಒಲೆಯ ಹತ್ತಿರ ಹೋಗಿ ಪಾತ್ರೆಯಲ್ಲಿ ಉಳಿದಿದ್ದನ್ನು ಬೆರಳಲ್ಲಿ ತೆಗೆದು ನಾಲಿಗೆಗಿಟ್ಟಳು. ಬೆಚ್ಚಗಿತ್ತು. ಅಷ್ಟು ಬಿಟ್ಟರೆ ಏನೂ ಇರಲಿಲ್ಲ. ಉಪ್ಪಿನ ಬಟ್ಟಲಿನಿಂದಲೇ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು. ಮರಳು ಹಾಕಿಕೊಂಡಂತಾಯಿತು. ನಾಲ್ಕು ತಿಂಗಳಿಂದ ಈ ಮನೆಯಲ್ಲಿ ಆ ಅಡುಗೆಯನ್ನು ಉಣ್ಣುತ್ತಿದ್ದವಳು ತಾನೊಬ್ಬಳೇ ಎಂಬುದು ಆಗ ಹೊಳೆದು ಅವಳಿಗೆ ಮೈಯೆಲ್ಲ ಬಿಸಿಯಾಯಿತು.

"ಇದು ಯಾರ ತಲೆಯಿಂದ ಬಂದಿದ್ದು?"

"ನಂದು," ಎಂದರು ಬೀಗದವರು. "ಹೇಳಿದ್ರೆ ನೀನು ಸೌಟು ಕೆಳಗಿಡ್ತಿದ್ದೆ. ನಿನಗೆ ಇರೋದು ಅದೊಂದೇ."

"ಅದಕ್ಕೆ ದಿನಾ ನನ್ನೆದುರು ಕೂತು ಚೆನ್ನಾಗಿತ್ತು ಅಂದ್ರಿ."

"ಮಗೂ ಪಾಲು ನಿಜವಾಗ್ಲೂ ಚೆನ್ನಾಗಿರ್ತಿತ್ತು ಕಣೆ."

"ಎರಡೆರಡು ಸೌಟು ಜಾಸ್ತಿ ತೆಗೆಸಿದ್ರಿ, ನಾನು ಊರೆಲ್ಲ ಸಾರಿಕೊಂಡು ಬಂದೆ. ಬಟಾಣಿ ತಿಂತಾಳೆ, ಬಟಾಣಿ ತಿಂತಾಳೆ ಅಂತ. ಮನೆಯಲ್ಲಿ ಮೂರು ಜನ ನಗ್ತಿದ್ರಿ."

"ಯಾರೂ ನಗಲಿಲ್ಲ ಅಮ್ಮ," ಎಂದ ಮಗ. ಅವನ ದನಿ ಎಂದಿನಷ್ಟೇ ಮೆತ್ತಗಿತ್ತು, ಅದೇ ಅವಳನ್ನು ಇನ್ನಷ್ಟು ಕೆರಳಿಸಿತು.

"ಶಿಶುವಿಹಾರಕ್ಕೆ ಹೋಗಿ ಹೇಳಿದ್ದು ಯಾರು?"

ನಲ್ಲಿ ತೊಟ್ಟಿಕ್ಕುತ್ತಿತ್ತು.

"ಅವರಿಗೇ ಬೇರೆ ಯಾರಾದ್ರೂ ಸಿಕ್ಕಿರಬೇಕು," ಎಂದ ಮಗ.

ಸೌಟಮ್ಮ ಸೊಸೆಯನ್ನೇ ನೋಡುತ್ತಿದ್ದಳು. "ನೀನು ಅಂಗಡಿಗೆ ಹೋಗೋ ದಾರಿ ಅದೇ ಅಲ್ವಾ?"

"ನಾನು ಹೋಗಿಲ್ಲ ಅತ್ತೆ. ಮಾಡಬೇಡಿ ಅಂತ ನಿಮ್ಮ ಮುಖಕ್ಕೇ ಹೇಳಿದೆ. ಬೆನ್ನ ಹಿಂದೆ ಹೋಗಿಲ್ಲ."

"ಇಷ್ಟು ದಿನ ಬೆನ್ನ ಹಿಂದೆ ಉಂಡವಳು ನೀನು. ಇನ್ನು ನಿನ್ನ ಮಾತು ನಂಬು ಅಂತೀಯ? ಮಕ್ಕಳ ಪಾಲಿಗೆ ಉಪ್ಪೇ ಇಲ್ಲ. ಅದನ್ನ ಮಾಡೋಕೆ ನನ್ನ ನಾಲಿಗೆ ಬೇಕಾಗಿತ್ತೇನೇ? ಆರು ಜನ ಟೀಚರು ತಾವೇ ಉಪ್ಪು ಹಾಕ್ಕೊಂಡು ತಿಂತಿದ್ರು, ನೀವು ತಿಂದ ಹಾಗೆ. ನಿಜ ಹೇಳಿದ್ದಿದ್ರೆ ನಾನು ಅಲ್ಲಿ ಹೇಳಿಕೊಂಡೇ ಸೇರ್ತಿದ್ದೆ. ಆ ಕೆಲಸಾನ ನನ್ನ ಕೈಯಿಂದ ಕಿತ್ಕೊಂಡೆ."

ಸೊಸೆಯ ಕಣ್ಣು ತುಂಬಿತು. ಅವಳು ಮಾವನ ಕಡೆ ನೋಡಿದಳು. ಬೀಗದವರು ಪೊಟ್ಟಣವನ್ನು ಕಸದ ಬುಟ್ಟಿಗೆ ಹಾಕಿ, ಬುಟ್ಟಿಯ ಮುಚ್ಚಳವನ್ನು ಸದ್ದಾಗದಂತೆ ಮುಚ್ಚಿದರು.

ಆ ವಾರದಿಂದ ಮನೆಯ ಗಾಳಿಯೇ ಬದಲಾಯಿತು. ಸೌಟಮ್ಮ ಅಕ್ಕನ ಮನೆಗೆ ಮಧ್ಯಾಹ್ನವೇ ಹೋಗಿ ಬರತೊಡಗಿದಳು, ರಾತ್ರಿ ಎಲ್ಲರ ಜೊತೆ ಮೇಜಿಗೆ ಕೂರತೊಡಗಿದಳು. ಉಪ್ಪನ್ನು ಅಳತೆಯ ಚಮಚದಲ್ಲಿ ಅಳೆದು ಹಾಕುವಳು. ಜೀವಮಾನದಲ್ಲಿ ಕೈಯಳತೆ ಬಿಟ್ಟು ಬೇರೆ ಅಳತೆ ತಿಳಿಯದವಳಿಗೆ ಆ ಚಮಚ ಹಿಡಿಯುವುದೆಂದರೆ ಊರುಗೋಲು ಹಿಡಿದ ಹಾಗೆ. ದಿನಾ ಒಂದೇ ಪ್ರಶ್ನೆ, "ಉಪ್ಪು ಸರಿಯಿದೆಯಾ?" ದಿನಾ ಒಂದೇ ಉತ್ತರ, "ಸರಿಯಾಗಿದೆ." ಅದು ನಿಜವೋ ಸುಳ್ಳೋ ತಿಳಿಯುವ ದಾರಿ ಅವಳಿಗಿರಲಿಲ್ಲ. ನಾಲಿಗೆ ಹೋದದ್ದಕ್ಕಿಂತ ಇದು ಹೆಚ್ಚು ಸುಡುತ್ತಿತ್ತು. ನಾಲಿಗೆ ಹೋದರೆ ಗಂಡನ ನಾಲಿಗೆಯನ್ನು ನಂಬಿ ಬದುಕಬಹುದಿತ್ತು. ಈಗ ಅದೂ ಹೋಗಿತ್ತು.

ಸೊಸೆಯ ಜೊತೆಗಂತೂ ಮುಖ ಕೊಟ್ಟು ಮಾತಿಲ್ಲ. ಸೊಸೆ ಒಗೆದು ಹಾಕಿದ ಬಟ್ಟೆಯಲ್ಲಿ ತನ್ನದನ್ನು ಬೇರೆ ತೆಗೆದು ಮತ್ತೆ ಒಗೆಯುವಳು. ಅವಳು ಕತ್ತರಿಸಿಟ್ಟ ಈರುಳ್ಳಿಯನ್ನು ಪಕ್ಕಕ್ಕೆ ಸರಿಸಿ ಬೇರೆ ಕತ್ತರಿಸುವಳು.

"ಅದೇನು ಕೆಟ್ಟಿದೆಯಾ ಅತ್ತೆ?"

"ನನಗೇನು ಗೊತ್ತಾಗುತ್ತೆ? ನಾಲಿಗೆ ಇಲ್ಲದವಳು."

ಒಂದು ಬೆಳಿಗ್ಗೆ ಮಗ, "ಅಮ್ಮ, ಅವಳು ಹೋಗಿಲ್ಲ ಅಂತಿದ್ದಾಳಲ್ಲ, ಬಿಡಿ," ಎಂದ.

"ಹೆಂಡತಿ ಪರ ವಾದ ಮಾಡೋಕೆ ಇವತ್ತು ಬಾಯಿ ಬಂತು. ನಾಲ್ಕು ತಿಂಗಳು ಎಲ್ಲಿತ್ತು ಅದು?"

ಬೀಗದವರು ಎದುರಿಗೇ ಕೂತು ಯಾವುದೋ ಕೀಲಿಯ ಹಲ್ಲನ್ನು ಅರದಿಂದ ಉಜ್ಜುತ್ತಿದ್ದರು. ಕತ್ತೆತ್ತಲಿಲ್ಲ. ಉಜ್ಜಿ, ಊದಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಉಜ್ಜಿದರು.

ಬೀದಿಯಲ್ಲೂ ಏನೋ ಬೇರೆಯಾಗಿತ್ತು. ತರಕಾರಿಯವಳು ಚಿಲ್ಲರೆಯನ್ನು ಎರಡೆರಡು ಸಲ ಹೇಳಿ ಅಂಗೈಗಿಡುತ್ತಿದ್ದಳು. ಪಕ್ಕದ ಮನೆಯಾಕೆ, ಗ್ಯಾಸ್ ಆರಿಸಿದ್ರಾ ಅಮ್ಮ, ಎಂದು ಬೇಲಿಯಾಚೆಯಿಂದಲೇ ಕೇಳುವಳು. ನಾಲಿಗೆ ಹೋದವಳಿಗೆ ಗ್ಯಾಸಿನ ವಿಚಾರಣೆ ಯಾಕೆಂದು ಸೌಟಮ್ಮನಿಗೆ ಅರ್ಥವಾಗಲಿಲ್ಲ. ಸೊಸೆ ಇನ್ನೂ ಏನೇನು ಹಬ್ಬಿಸಿದ್ದಾಳೋ ಎಂದು ಹಲ್ಲು ಕಡಿದಳು.

ಮೂರನೇ ವಾರ ತಡೆಯಲಾಗಲಿಲ್ಲ. ಒಂದು ಮಧ್ಯಾಹ್ನ ಬಟಾಣಿಯನ್ನು ಕಂಕುಳಲ್ಲಿ ಎತ್ತಿಕೊಂಡು ನೇರ ಶಿಶುವಿಹಾರಕ್ಕೆ ಹೋದಳು. ಮಕ್ಕಳು ಸಾಲಾಗಿ ಮಲಗಿದ್ದರು. ಮೇಡಂ ಅವಳನ್ನು ಕಂಡವರೇ ಎದ್ದು ಬಂದು ತೋಳು ಹಿಡಿದು ಕೂರಿಸಿದರು.

"ಒಬ್ಬರೇ ಬಂದ್ರಾ? ದಾರಿ ಸರಿಯಾಗಿ ಗೊತ್ತಾಯ್ತಾ?"

"ಮೂರು ಮನೆಯಾಚೆ ಇದೀನಿ ಮೇಡಂ. ನನ್ನ ನಾಲಿಗೆ ಕೆಟ್ಟಿರೋದು ನಿಜ. ಆದ್ರೆ ಮಕ್ಕಳ ಪಾಲಿಗೆ ಉಪ್ಪು ಖಾರ ಇಲ್ಲ. ದೊಡ್ಡೋರು ಮೇಲಿಂದ ಹಾಕ್ಕೊಂಡ್ರೆ ಆಯ್ತು. ಅದನ್ನ ನಾನೇ ಹೇಳೋಣ ಅಂತ ಬಂದೆ. ನಮ್ಮ ಸೊಸೆ ನಿಮಗೆ ಏನು ಹೇಳಿದ್ಳೋ ಏನೋ."

ಮೇಡಂಗೆ ಗೊಂದಲವಾಯಿತು. "ನಾಲಿಗೆನಾ? ನಾಲಿಗೆ ವಿಷಯ ಯಾರೂ ಹೇಳಲಿಲ್ಲ. ನಿಮ್ಮ ಸೊಸೇನ ನಾನು ನೋಡೇ ಇಲ್ಲ."

"ಮತ್ತೆ?"

"ನಿಮ್ಮ ಯಜಮಾನ್ರು. ಈ ಮುಂಬಾಗಿಲ ಬೀಗ ಸಿಕ್ಕಿಹಾಕ್ಕೊಂಡಿತ್ತು, ಸರಿ ಮಾಡೋಕೆ ಬಂದಿದ್ರು. ಆ ಶನಿವಾರ. ನಿಮಗೆ ಮರೆವು ಶುರುವಾಗಿದೆ, ಒಲೆ ಹಚ್ಚಿ ಆರಿಸೋದು ಮರೀತೀರಿ, ಮಕ್ಕಳಿರೋ ಜಾಗ ಬೇಡ ಅಂದ್ರು. ಪಾಪ, ಹೇಳ್ತಾ ಹೇಳ್ತಾ ಕಣ್ಣಲ್ಲಿ ನೀರು ಬಂತು ಅವರಿಗೆ." ಮೇಡಂ ದನಿ ತಗ್ಗಿಸಿದರು. "ನಾನೂ ಟೀಚರುಗಳಿಗೆ ಹೇಳಿಟ್ಟೆ, ಬೀದಿಯಲ್ಲಿ ಕಂಡ್ರೆ ಸ್ವಲ್ಪ ನೋಡ್ಕೊಳ್ಳಿ ಅಂತ."

"ಈಗ ಕೆಲಸ..."

"ತುಂಬಿ ಹೋಯ್ತಲ್ಲ ಅಮ್ಮ. ಅವರು ಬಂದು ತಿಂಗಳಾಗ್ತಾ ಬಂತು."

ಒಳಗಿನ ಅಡುಗೆಮನೆಯಿಂದ ಯಾರೋ ದೊಡ್ಡ ಪಾತ್ರೆ ಉಜ್ಜುವ ಸದ್ದು ಬರುತ್ತಿತ್ತು. ಸೌಟಮ್ಮ ಎದ್ದಳು. ಹೊರಡುವಾಗ ಮುಂಬಾಗಿಲ ಬೀಗವನ್ನೊಮ್ಮೆ ನೋಡಿದಳು. ಕೆಲಸ ಅಚ್ಚುಕಟ್ಟಾಗಿತ್ತು. ಗೇಟಿನವರೆಗೂ ಆಯಾ ಅವಳ ಮೊಣಕೈ ಹಿಡಿದುಕೊಂಡೇ ಬಂದಳು. ಅವಳು ಬಿಡಿಸಿಕೊಳ್ಳಲಿಲ್ಲ. ಬಿಡಿಸಿಕೊಂಡರೆ ಅದೂ ಮರೆವಿನ ಲೆಕ್ಕಕ್ಕೇ ಹೋಗುತ್ತದೆ.

ಹೀಗೆ ಆಗಿತ್ತು. ಮೂರು ವಾರ ಸೊಸೆಯನ್ನು ಅವಳು ಅರೆದು ಹಾಕಿದ್ದಳು. ಆ ಹುಡುಗಿ ಒಂದು ಸಲ ಇಲ್ಲ ಎಂದು, ಆಮೇಲೆ ಬಾಯಿ ಮುಚ್ಚಿಕೊಂಡು, ಮಾವನ ಮುಖ ನೋಡುತ್ತ ಎಲ್ಲ ನುಂಗಿಕೊಂಡಿದ್ದಳು. ಮಾವ ಎದುರಿಗೇ ಕೂತು ಕೀಲಿ ಉಜ್ಜುತ್ತಿದ್ದರು. ನಾಲಿಗೆಯ ಸುಳ್ಳನ್ನು ಸೌಟಮ್ಮ ಎಂದಾದರೂ ಕ್ಷಮಿಸುತ್ತಿದ್ದಳೇನೋ. ಬುದ್ಧಿ ಗಟ್ಟಿಯಿದ್ದ ಹೆಂಡತಿಯನ್ನು ಬೀದಿಗೆಲ್ಲ ಅರಳುಮರುಳು ಮಾಡಿ, ಅದರ ಹೊರೆಯನ್ನು ಮಗಳ ವಯಸ್ಸಿನವಳ ತಲೆಗೆ ಕಟ್ಟಿ, ತಾನು ಸುಮ್ಮನೆ ಕೂತದ್ದಿದೆಯಲ್ಲ, ಅದು ಎದೆಯೊಳಗೆ ಕಲ್ಲಾಗಿ ಕೂತಿತು.

ಅಂದು ಸಂಜೆ ಅವಳು ಬೇಳೆಯ ಜೊತೆ ಕುಂಬಳಕಾಯಿ ಬೇಯಿಸಿದಳು. ಬಟಾಣಿಯ ಎರಡು ಚಮಚ ತೆಗೆದು ನುಣ್ಣಗೆ ಹಿಸುಕಿ ನೀಲಿ ಮುಚ್ಚಳದ ಸಣ್ಣ ಡಬ್ಬಿಗೆ ಹಾಕಿದಳು. ಉಳಿದದ್ದಕ್ಕೆ ಮೆಣಸಿನ ಪುಡಿ ಅಳೆದು ಹಾಕಿದಳು, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟಳು. ಉಪ್ಪಿನ ಬಟ್ಟಲನ್ನು ತೆರೆದಳು, ಹಾಗೇ ಮುಚ್ಚಿದಳು.

ಎಲ್ಲರೂ ಕೂತರು. ಅವಳೇ ಬಡಿಸಿದಳು. ಬಟಾಣಿ ತನ್ನ ಬಟ್ಟಲಿಗೆ ಕೈ ಹಾಕಿ ಮುಖಕ್ಕೆಲ್ಲ ಬಳಿದುಕೊಂಡು ತಿನ್ನತೊಡಗಿದಳು.

"ಉಪ್ಪು ಸರಿಯಿದೆಯಾ?" ಎಂದು ಕೇಳಿದಳು ಸೌಟಮ್ಮ, ಗಂಡನಿಗೆ.

ಬೀಗದವರು ಒಂದು ತುತ್ತು ನುಂಗಿದರು. "ಸರಿಯಾಗಿದೆ ಕಣೆ."

"ನಿನಗೋ?"

"ಹೂಂ ಅಮ್ಮ. ಚೆನ್ನಾಗಿದೆ," ಎಂದ ಮಗ.

ಸೊಸೆಯನ್ನು ಅವಳು ಕೇಳಲಿಲ್ಲ. ಮೂರು ವಾರದಿಂದ ಕೇಳಿರಲಿಲ್ಲ. ಸೊಸೆ ಬಾಯಿಗಿಟ್ಟ ತುತ್ತನ್ನು ನಿಧಾನ ಅಗಿದು, ಗಂಡನನ್ನು ನೋಡಿ, ಮಾವನನ್ನು ನೋಡಿ, ತಟ್ಟೆಯಿಂದ ಕೈ ಹಿಂದೆಗೆದುಕೊಂಡಳು.

"ಅತ್ತೆ, ಬೈಯೋದಾದ್ರೆ ಬೈಯಿರಿ," ಎಂದಳು. "ಇದರಲ್ಲಿ ಉಪ್ಪೇ ಇಲ್ಲ."

"ಇಲ್ಲ," ಎಂದಳು ಸೌಟಮ್ಮ. "ನಾನು ಹಾಕಿಲ್ಲ."

ಮಗನ ಕಿವಿ ಕೆಂಪಾಯಿತು. ಬೀಗದವರ ಕೈ ತಟ್ಟೆಯಲ್ಲೇ ನಿಂತಿತು.

"ಶಿಶುವಿಹಾರದ ಬೀಗ ತುಂಬಾ ಚೆನ್ನಾಗಿ ಕೂತಿದೆಯಂತೆ," ಎಂದಳು ಅವಳು, ಅನ್ನದ ಪಾತ್ರೆಯ ಮುಚ್ಚಳ ಸರಿಮಾಡುತ್ತ. "ನೀವು ರಿಪೇರಿ ಮಾಡುವಾಗ ಅತ್ತಿರಂತೆ. ಮೇಡಂ ಹೇಳಿದ್ರು. ನಾನು ಮರೆತುಬಿಡೋಕೆ ಮುಂಚೆ ನಿಮಗೆ ಹೇಳೋಣ ಅಂತ."

"ನಾಲಿಗೆ ಹೋಗಿದೆ ಅಂದ್ರೆ ನಿನ್ನ ಕಸುಬಿಗೇ ಅವಮಾನ. ಮರೆವು ಅಂದ್ರೆ ಎಲ್ಲರಿಗೂ ಬರೋದು ಅಂತ ಸುಮ್ಮನಾಗ್ತಾರೆ. ಹಾಗಂದ್ಕೊಂಡು..." ಎಂದರು ಬೀಗದವರು.

"ಇವಳು ಬೈಸಿಕೊಳ್ಳುವಾಗ ಏನಂದ್ಕೊಂಡ್ರಿ?"

ಬೀಗದವರು ತಟ್ಟೆಯ ಅಂಚಿನಲ್ಲಿದ್ದ ಒಂದು ಅಗುಳನ್ನು ಬೆರಳಿನಿಂದ ಒಳಗೆ ಸರಿಸಿದರು.

"ನಿನಗೆ ಗೊತ್ತಿತ್ತಾ?" ಎಂದು ಸೊಸೆಯನ್ನು ಕೇಳಿದಳು.

"ಮಾವ ಆ ದಿನ ಬೀಗದ ಪೆಟ್ಟಿಗೆ ಹಿಡ್ಕೊಂಡು ಆ ಕಡೆಯಿಂದ ಬರೋದು ನೋಡಿದ್ದೆ. ಅವರೇ ಹೇಳ್ತಾರೆ ಅಂದ್ಕೊಂಡೆ ಅತ್ತೆ."

ಸೌಟಮ್ಮ ಎದ್ದು ಉಪ್ಪಿನ ಬಟ್ಟಲನ್ನು ತಂದು ಸೊಸೆಯ ಮುಂದಿಟ್ಟಳು. ಇಟ್ಟ ಕೈ ಒಂದು ಗಳಿಗೆ ಸೊಸೆಯ ಕೈಯ ಮೇಲೆ ನಿಂತಿತು. "ನೀನು ಹಾಕು. ಇವತ್ತಿನಿಂದ ಉಪ್ಪು ನಿಂದು. ನಾನು ಬೇಯಿಸ್ತೀನಿ."

ಸೊಸೆ ಪಾತ್ರೆಯಲ್ಲಿದ್ದುದಕ್ಕೆ ಉಪ್ಪು ಹಾಕಿ, ಕಲಕಿ, ಚಮಚದ ತುದಿಯಲ್ಲಿ ನೋಡಿದಳು. "ಇನ್ನೊಂದು ಚಿಟಿಕೆ ಬೇಕು."

"ಹಾಕು."

ಹಾಕಿದಳು. ಅತ್ತೆಗೆ ಬಡಿಸಿದಳು, ತನಗೆ ಬಡಿಸಿಕೊಂಡಳು. ಮಗ ತಲೆ ತಗ್ಗಿಸಿಕೊಂಡೇ ತಟ್ಟೆ ಮುಂದೆ ಮಾಡಿ, "ತಪ್ಪಾಯ್ತು ಅಮ್ಮ," ಎಂದಾಗ ಅವನಿಗೂ ಒಂದು ಸೌಟು ಹಾಕಿದಳು. ಕೊನೆಗೆ ಬೀಗದವರೂ ತಮ್ಮ ತಟ್ಟೆಯನ್ನು ಮೆಲ್ಲಗೆ ಮುಂದೆ ಸರಿಸಿದರು. ಸೊಸೆ ಸೌಟು ಎತ್ತಿ ಅತ್ತೆಯ ಮುಖ ನೋಡಿದಳು.

"ಅವರಿಗೆ ಬೇಡ," ಎಂದಳು ಸೌಟಮ್ಮ, ಬಟಾಣಿಯ ಬಾಯಿ ಒರೆಸುತ್ತ. "ಅವರಿಗೆ ಸರಿಯಾಗಿದೆಯಂತೆ."